ಪರ್ಸಿ ಕಲ್ಲಿನ ನಾಡಿನಿಂದ ಪರ್ವತಾರೋಹಣದತ್ತ



ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಕಡೆಯವರಾದ ನಿಮ್ಮ ಮುಂದೆ ಪರ್ವತಾರೋಹಣದ ಮಾತು ತೆಗೆದರೆ, 'ನಮ್ಮಲ್ಲಿ ಪರ್ವತ ಎಲ್ಲಿದೆ?' ಎಂದು ನೀವು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಕಾಗಿಣಾ ನದಿಯ ಇಕ್ಕೆಲಗಳ ನಿಮ್ಮ ಸೀಮೆ ಬಹುಮಟ್ಟಿಗೆ ಸಮತಟ್ಟು. ಸಮುದ್ರಮಟ್ಟದಿಂದ ನಾನೂರು ಮೀಟರಿನ ಆಸುಪಾಸಿನ ನೆಲ. ಕಣ್ಣು ಹಾಯುವಷ್ಟು ದೂರ ತೊಗರಿಯ ಹೊಲ, ನಡುವೆ ಸಿಮೆಂಟ್ ಕಾರ್ಖಾನೆಯ ಚಿಮಣಿ, ಅಲ್ಲಲ್ಲಿ ಪರ್ಸಿ ಕಲ್ಲಿನ ಖಣಿ. ಚಿಂಚೋಳಿಯ ಕಡೆಗೆ ಹೋದರೆ ಮಾತ್ರ ಕಾಡು, ಗುಡ್ಡ ಎದುರಾಗುತ್ತವೆ.

ಆದರೂ ಒಮ್ಮೆ ನಿಮ್ಮ ಮನೆಯ ಅಥವಾ ಶಾಲೆಯ ನೆಲವನ್ನು ನೋಡಿ. ಅಲ್ಲಿ ಹಾಸಿರುವ ಶಹಾಬಾದ್ ಕಲ್ಲು ಸುಣ್ಣದ ಕಲ್ಲಿನ ಜಾತಿಗೆ ಸೇರಿದ್ದು. ಐವತ್ತು ಕೋಟಿ ವರ್ಷಗಳಿಗೂ ಹಿಂದೆ ಈ ಸೀಮೆಯಲ್ಲಿದ್ದ ಆಳವಿಲ್ಲದ ಸಮುದ್ರದ ತಳದಲ್ಲಿ ಸುಣ್ಣಮಿಶ್ರಿತ ಕೆಸರು ಪದರ ಪದರವಾಗಿ ಕುಳಿತು ಕಲ್ಲಾಯಿತು. ಆದ್ದರಿಂದಲೇ ಅದು ಹಾಳೆ ಹಾಳೆಯಾಗಿ ಏಳುತ್ತದೆ. ಈಗ ಜಗತ್ತಿನ ಅತ್ಯಂತ ಎತ್ತರದ ಸ್ಥಳಕ್ಕೆ ಹೋಗೋಣ. ಎವರೆಸ್ಟ್ ಶಿಖರದ ತುತ್ತತುದಿಯ ಕಲ್ಲು ಯಾವುದು ಗೊತ್ತೇ? ಅದೂ ಸಮುದ್ರದ ತಳದಲ್ಲಿ ಹುಟ್ಟಿದ ಸುಣ್ಣದ ಕಲ್ಲೇ! ಅದರಲ್ಲಿ ಕಡಲಜೀವಿಗಳ ಪಳೆಯುಳಿಕೆಯ ಚೂರುಗಳು ಸಿಕ್ಕಿವೆ. ಎರಡೂ ಒಂದೇ ಸಮುದ್ರದವಲ್ಲ, ಒಂದೇ ಕಾಲದವೂ ಅಲ್ಲ. ಆದರೆ ಹುಟ್ಟಿದ ಬಗೆ ಒಂದೇ. ಸುಮಾರು ಐದು ಕೋಟಿ ವರ್ಷಗಳ ಹಿಂದೆ ಭಾರತದ ಭೂಫಲಕ ಏಷ್ಯಾದ ಭೂಫಲಕಕ್ಕೆ ಒತ್ತಿಕೊಂಡಾಗ ನಡುವಿನ ಕಡಲತಳ ಮಡಿಚಿಕೊಂಡು ಮೇಲೆದ್ದಿತು. ಇಂದು ಅದರ ತುದಿ 8,848.86 ಮೀಟರ್ ಎತ್ತರದಲ್ಲಿದೆ. ನಿಮ್ಮ ಕಾಲಡಿಯ ಕಲ್ಲಿಗೆ ಆಕಾಶದಲ್ಲೊಬ್ಬ ದೂರದ ನೆಂಟನಿದ್ದಾನೆ ಎಂದಾಯಿತು.

ಮನುಷ್ಯ ಈ ಕಲ್ಲನ್ನು ಏಕೆ ಏರಬೇಕು? ಅಲ್ಲಿ ಬೆಳೆ ಇಲ್ಲ, ಬಂಗಾರವಿಲ್ಲ. ಕ್ರಿಕೆಟ್ಟಿನಂತೆ ಅಂಪೈರ್ ಇಲ್ಲ, ಚಪ್ಪಾಳೆ ತಟ್ಟುವ ಪ್ರೇಕ್ಷಕರಿಲ್ಲ. 1923ರಲ್ಲಿ ಇಂಗ್ಲೆಂಡಿನ ಜಾರ್ಜ್ ಮ್ಯಾಲರಿಗೆ ಪತ್ರಿಕೆಯವರು ಇದನ್ನೇ ಕೇಳಿದಾಗ, ಎವರೆಸ್ಟ್ ಅಲ್ಲಿದೆ, ಅದಕ್ಕಾಗಿ ಏರಬೇಕು ಎಂಬರ್ಥದ ಉತ್ತರ ಬಂದಿತ್ತು. ಮರುವರ್ಷ, 1924ರ ಜೂನಿನಲ್ಲಿ, ಆತ ತನ್ನ ಜೊತೆಗಾರ ಆಂಡ್ರ್ಯೂ ಅರ್ವಿನ್‌ನೊಂದಿಗೆ ಅದೇ ಪರ್ವತದಲ್ಲಿ ಕಣ್ಮರೆಯಾದ. ಮ್ಯಾಲರಿಯ ದೇಹ ಸಿಕ್ಕಿದ್ದು 75 ವರ್ಷಗಳ ನಂತರ, 1999ರಲ್ಲಿ. ಆ ಉತ್ತರ ಬಹಳ ಪ್ರಸಿದ್ಧ. ಆದರೆ ಈ ಆಟದ ಸೆಳೆತವನ್ನು ಅದು ವಿವರಿಸುವುದಿಲ್ಲ.

ದೂರದರ್ಶನದಲ್ಲಿ ಕೆಲಸ ಮಾಡುವ ನನ್ನಂಥವರು ನಿಮಗೆ ತೋರಿಸುವುದೂ ಅರ್ಧ ಚಿತ್ರವೇ. ಪರದೆಯ ಮೇಲೆ ಶಿಖರ, ಧ್ವಜ, ನಗುಮುಖ ಬರುತ್ತವೆ. ಒಂದು ನಿಮಿಷದಲ್ಲಿ ಸುದ್ದಿ ಮುಗಿಯುತ್ತದೆ. ಅದರ ಹಿಂದಿನ ವಾರಗಟ್ಟಲೆ ನಡಿಗೆ, ಕಾಯುವಿಕೆ, ಗಂಟು ಹಾಕಿ ಬಿಚ್ಚಿ ಮತ್ತೆ ಹಾಕುವ ಅಭ್ಯಾಸ, ತುದಿ ಮುಟ್ಟಿದ ಮೇಲೆ ಇನ್ನೂ ಬಾಕಿ ಇರುವ ಇಳಿಜಾರು, ಇವು ಕತ್ತರಿಗೆ ಸಿಗುತ್ತವೆ. ಆಟದ ಸ್ವಾರಸ್ಯ ಇರುವುದು ಹೀಗೆ ಕತ್ತರಿಸಿ ಹೋದ ಭಾಗದಲ್ಲಿ. ಅದನ್ನು ಸ್ವಲ್ಪ ಬಿಡಿಸಿ ನೋಡೋಣ.

ಮೊದಲನೆಯದು ಕಾಲು. ಬಂಡೆ ಹತ್ತಲು ತೋಳಿನ ಬಲ ಬೇಕು ಎಂದು ಹೊಸಬರು ಭಾವಿಸುತ್ತಾರೆ. ಬಂಡೆಯನ್ನು ತಬ್ಬಿ, ಕೈಯಿಂದ ದೇಹವನ್ನು ಎಳೆದುಕೊಳ್ಳಲು ಹೋಗಿ ಐದೇ ನಿಮಿಷದಲ್ಲಿ ಸೋಲುತ್ತಾರೆ. ನುರಿತವರು ಕಾಲಿನಿಂದ ಏರುತ್ತಾರೆ. ನಮ್ಮ ಇಡೀ ಭಾರವನ್ನು ದಿನವೂ ಹೊರುವುದು ಕಾಲಿನ ಸ್ನಾಯುಗಳೇ ಅಲ್ಲವೇ? ಭೌತವಿಜ್ಞಾನದ ತರಗತಿಯಲ್ಲಿ ನೀವು ಗುರುತ್ವ ಕೇಂದ್ರ, ಘರ್ಷಣೆ ಎಂದು ಓದುತ್ತೀರಿ. ದೇಹದ ಗುರುತ್ವ ಕೇಂದ್ರವನ್ನು ಪಾದದ ಮೇಲಕ್ಕೆ ತಂದು ನಿಂತರೆ ಬೂಟಿನ ರಬ್ಬರು ಕಲ್ಲನ್ನು ಬಲವಾಗಿ ಒತ್ತುತ್ತದೆ. ಒತ್ತಡ ಹೆಚ್ಚಿದಷ್ಟೂ ಘರ್ಷಣೆ ಹೆಚ್ಚುತ್ತದೆ, ಕಾಲು ಜಾರುವುದಿಲ್ಲ. ಹೆದರಿ ಬಂಡೆಗೆ ಅಂಟಿಕೊಂಡವನ ಭಾರ ಪಾದದಿಂದ ಸರಿದುಹೋಗುತ್ತದೆ, ಕಾಲು ಜಾರುತ್ತದೆ. ಎರಡು ಕೈ, ಎರಡು ಕಾಲುಗಳಲ್ಲಿ ಮೂರು ಸದಾ ಕಲ್ಲಿನ ಮೇಲಿರಬೇಕು, ಒಂದು ಮಾತ್ರ ಸರಿಯಬೇಕು ಎಂಬುದು ಮೊದಲ ಪಾಠ. ಆ ಒಂದು ಹೆಜ್ಜೆ ಎಲ್ಲಿಗೆ ಎಂದು ಹುಡುಕುವಾಗ ಪರೀಕ್ಷೆಯ ಚಿಂತೆ, ಮನೆಯ ಚಿಂತೆ ತಲೆಗೆ ಬರುವುದಿಲ್ಲ. ಮನಸ್ಸು ಹೀಗೆ ಪೂರ್ತಿಯಾಗಿ ಒಂದೆಡೆ ನಿಲ್ಲುವುದೇ ಈ ಆಟದ ಮೊದಲ ಸುಖ.

ಎರಡನೆಯದು ಹಗ್ಗ. ಬಾವಿಯಿಂದ ನೀರು ಸೇದುವ ಹಗ್ಗ ಹಿಗ್ಗುವುದಿಲ್ಲ. ಅದನ್ನು ಸೊಂಟಕ್ಕೆ ಕಟ್ಟಿಕೊಂಡು ಕೆಲವು ಅಡಿ ಬಿದ್ದರೂ ಸಾಕು, ಒಮ್ಮೆಲೇ ತಡೆದ ರಭಸಕ್ಕೆ ಬೆನ್ನುಮೂಳೆ ಮುರಿಯಬಹುದು. ಪರ್ವತಾರೋಹಿಯ ನೈಲಾನ್ ಹಗ್ಗ ಬಿದ್ದಾಗ ಹಿಗ್ಗುತ್ತದೆ. ತಡೆಯುವ ಸಮಯ ಹೆಚ್ಚಿದರೆ ದೇಹದ ಮೇಲೆ ಬೀಳುವ ಬಲ ಕಡಿಮೆಯಾಗುತ್ತದೆ. ವೇಗವಾಗಿ ಬಂದ ಚೆಂಡನ್ನು ಹಿಡಿಯುವಾಗ ಆಟಗಾರ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾನಲ್ಲ, ಅದೇ ತತ್ತ್ವ. ಆದರೆ ಹಗ್ಗ ತಾನಾಗಿ ಯಾರನ್ನೂ ಉಳಿಸದು. ಅದರ ಇನ್ನೊಂದು ತುದಿಯಲ್ಲಿ ಒಬ್ಬ ಗೆಳೆಯ ಅಥವಾ ಗೆಳತಿ ನಿಂತು, ಮೇಲೆ ಹೋದವರನ್ನು ಕಣ್ಣು ಕೀಳದೆ ನೋಡುತ್ತ, ಹಗ್ಗವನ್ನು ಬಿಡುತ್ತ, ಬೇಕಾದಾಗ ಬಿಗಿಹಿಡಿಯಬೇಕು. ಏರುವ ಮೊದಲು ಇಬ್ಬರೂ ಒಬ್ಬರ ಗಂಟನ್ನು ಇನ್ನೊಬ್ಬರು ಮುಟ್ಟಿ ಪರೀಕ್ಷಿಸುತ್ತಾರೆ. ಇಪ್ಪತ್ತು ವರ್ಷ ಅನುಭವವಿದ್ದವರೂ ಇದನ್ನು ಬಿಡುವುದಿಲ್ಲ. 'ನನ್ನ ಮೇಲೆ ನಂಬಿಕೆ ಇಲ್ಲವೇ?' ಎಂದು ಅಲ್ಲಿ ಯಾರೂ ಮುನಿಸಿಕೊಳ್ಳುವುದಿಲ್ಲ. ಪರೀಕ್ಷಿಸಿಕೊಳ್ಳುವುದೇ ಅಲ್ಲಿ ನಂಬಿಕೆಯ ರೂಪ.

ಮೂರನೆಯದು ಅಂಜಿಕೆ. ಪರ್ವತಾರೋಹಿಗಳಿಗೆ ಹೆದರಿಕೆ ಇರುವುದಿಲ್ಲ ಎಂಬುದು ಸಿನಿಮಾದ ಮಾತು. ಎತ್ತರದಲ್ಲಿ ನಿಂತು ಕೆಳಗೆ ನೋಡಿದಾಗ ಎದೆ ಡವಗುಟ್ಟುವುದು ದೇಹದ ಆರೋಗ್ಯಕರ ಗುಣ. ಹೆದರಿಕೆ ಒಂದು ಸುದ್ದಿ ತಂದಿರುತ್ತದೆ: ಹಿಡಿತ ಸಡಿಲವಾಗಿದೆ, ಮೋಡ ಕವಿಯುತ್ತಿದೆ, ಹೊತ್ತು ಮೀರಿದೆ. ಆ ಸುದ್ದಿಯನ್ನು ಓದಿ, ನಿಜವೋ ಸುಳ್ಳೋ ಎಂದು ತೂಗಿ, ನಂತರ ಹೆಜ್ಜೆ ಇಡುವುದನ್ನು ಬಂಡೆ ಕಲಿಸುತ್ತದೆ. ಧೈರ್ಯ ಮತ್ತು ಎಚ್ಚರಿಕೆ ಎಂಬ ಎರಡು ಗುಣಗಳನ್ನು ನಾವು ಬೇರೆ ಬೇರೆ ಎಂದು ತಿಳಿಯುತ್ತೇವೆ. ಈ ಆಟದಲ್ಲಿ ಅವೆರಡೂ ಒಂದೇ ಗುಣ. ಈ ಆಟದ ದೊಡ್ಡ ಆಕರ್ಷಣೆ ಇದೇ ಎಂದು ನನಗೆ ತೋರುತ್ತದೆ.

ಇದಕ್ಕೆ ಇತಿಹಾಸದಲ್ಲೊಂದು ಒಳ್ಳೆಯ ಉದಾಹರಣೆ ಇದೆ. 1953ರ ಮೇ 29ರಂದು ತೇನ್‌ಸಿಂಗ್ ಮತ್ತು ಹಿಲರಿ ಎವರೆಸ್ಟ್ ಏರಿದ್ದು ನಿಮಗೆಲ್ಲ ತಿಳಿದಿದೆ. ಅದಕ್ಕೆ ಮೂರು ದಿನ ಮೊದಲು, ಮೇ 26ರಂದು, ಅದೇ ತಂಡದ ಚಾರ್ಲ್ಸ್ ಇವಾನ್ಸ್ ಮತ್ತು ಟಾಮ್ ಬೋರ್ಡಿಲನ್ ದಕ್ಷಿಣ ಶಿಖರವನ್ನು ಮುಟ್ಟಿದ್ದರು. ತುದಿಗೆ ಉಳಿದಿದ್ದದ್ದು ಸುಮಾರು ನೂರು ಮೀಟರ್ ಎತ್ತರ ಮಾತ್ರ. ಅಷ್ಟು ಹತ್ತಿರ ಅದುವರೆಗೆ ಬಂದು ಮರಳಿದವರು ಯಾರೂ ಇರಲಿಲ್ಲ. ಆದರೆ ಆಮ್ಲಜನಕದ ಸಲಕರಣೆ ತೊಂದರೆ ಕೊಟ್ಟಿತ್ತು, ಹೊತ್ತು ಮೀರಿತ್ತು. ಅಲ್ಲಿನ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಮೂರನೆಯ ಒಂದು ಪಾಲಿನಷ್ಟು. ಪ್ರತಿ ಉಸಿರಿಗೆ ಸಿಗುವ ಆಮ್ಲಜನಕವೂ ಅಷ್ಟೇ. ಮುಂದೆ ಹೋಗಿದ್ದರೆ ಬಹುಶಃ ತುದಿ ಮುಟ್ಟುತ್ತಿದ್ದರು, ಮರಳುವುದು ಅನುಮಾನವಿತ್ತು. ಅವರು ಹಿಂದಿರುಗಿದರು. ಎರಡು ವರ್ಷಗಳ ನಂತರ, 1955ರಲ್ಲಿ, ಅದೇ ಇವಾನ್ಸರ ನಾಯಕತ್ವದ ತಂಡ ಕಾಂಚನಜುಂಗಾವನ್ನು ಮೊದಲ ಬಾರಿಗೆ ಏರಿತು. ಆ ಶಿಖರ ಸಿಕ್ಕಿಂನ ಜನರಿಗೆ ಪವಿತ್ರ. ಅವರ ಭಾವನೆಗೆ ಗೌರವ ಕೊಟ್ಟು, ಮೊದಲೇ ಮಾತು ಕೊಟ್ಟಂತೆ, ಏರಿದವರು ತುತ್ತತುದಿಯನ್ನು ತುಳಿಯದೆ ಕೆಲವೇ ಅಡಿ ಕೆಳಗೆ ನಿಂತು ಮರಳಿದರು. ಗೆಲುವನ್ನು ಹೀಗೂ ಅಳೆಯುವ ಆಟ ಬೇರೊಂದಿದೆಯೇ?

'ಇದೆಲ್ಲ ದೂರದವರ, ದುಡ್ಡಿದ್ದವರ ಆಟ' ಎಂದು ನೀವು ಹೇಳಬಹುದು. ಹಾಗಾದರೆ ವಾಡಿಯಲ್ಲಿ ಸಿಕಂದರಾಬಾದಿನ ಕಡೆಗೆ ಹೋಗುವ ರೈಲು ಹತ್ತಿ. ಚಿತ್ತಾಪುರ, ಮಳಖೇಡ ರೋಡ್, ಸೇಡಂ, ತಾಂಡೂರು, ವಿಕಾರಾಬಾದ್ ದಾಟಿ ಸಿಕಂದರಾಬಾದ್ ಬರುತ್ತದೆ. ಅಲ್ಲಿಂದ ಕಾಜಿಪೇಟೆಯ ದಾರಿಯಲ್ಲಿ ಮುಂದುವರಿದರೆ ಭುವನಗಿರಿ. ಊರ ನಡುವೆ ಒಂದೇ ಕಲ್ಲಿನ ದೊಡ್ಡ ಬೋಳುಬೆಟ್ಟ, ಮೇಲೆ ಕೋಟೆ. ನಮ್ಮ ಕಲ್ಯಾಣದ ಚಾಲುಕ್ಯ ಅರಸ ತ್ರಿಭುವನಮಲ್ಲ ವಿಕ್ರಮಾದಿತ್ಯನ ಬಿರುದಿನಿಂದಲೇ ಆ ಹೆಸರು ಬಂತೆನ್ನುತ್ತಾರೆ. ನಿಜಾಮಾಬಾದ್ ಜಿಲ್ಲೆಯ ಪಾಕಾಲ ಗ್ರಾಮದ ಮಾಲಾವತ್ ಪೂರ್ಣಾ ಎಂಬ ಹುಡುಗಿ ಬಂಡೆ ಹತ್ತಲು ಕಲಿತದ್ದು ಈ ಬೆಟ್ಟದ ಮೇಲೆ. ಆಕೆ ಕೃಷಿ ಕೂಲಿ ಮಾಡುವ ಆದಿವಾಸಿ ದಂಪತಿಯ ಮಗಳು, ಸಮಾಜ ಕಲ್ಯಾಣ ಇಲಾಖೆಯ ವಸತಿ ಶಾಲೆಯ ವಿದ್ಯಾರ್ಥಿನಿ. ಭುವನಗಿರಿಯ ನಂತರ ಡಾರ್ಜಿಲಿಂಗ್, ಲಡಾಖ್‌ಗಳಲ್ಲಿ ತರಬೇತಿ ಪಡೆದು, 2014ರ ಮೇ 25ರಂದು ಟಿಬೆಟ್ ಕಡೆಯಿಂದ ಎವರೆಸ್ಟ್ ಏರಿದಾಗ ಆಕೆಗೆ 13 ವರ್ಷ 11 ತಿಂಗಳು. ಅಲ್ಲಿಯವರೆಗೆ ಅಷ್ಟು ಚಿಕ್ಕ ವಯಸ್ಸಿನ ಯಾವ ಹುಡುಗಿಯೂ ಆ ಶಿಖರ ಏರಿರಲಿಲ್ಲ. ಅದೇ ಶಾಲಾವ್ಯವಸ್ಥೆಯ ಆನಂದ್ ಕುಮಾರ್ ಎಂಬ ಹುಡುಗನೂ ಅಂದು ಜೊತೆಗಿದ್ದ. 2022ರ ಹೊತ್ತಿಗೆ ಪೂರ್ಣಾ ಏಳು ಖಂಡಗಳ ಅತ್ಯುನ್ನತ ಶಿಖರಗಳನ್ನೂ ಏರಿ ಮುಗಿಸಿದ್ದಳು.

ಈ ಕಥೆಯಲ್ಲಿ ಗಮನಿಸಬೇಕಾದದ್ದು ಆಕೆಯ ಎದೆಗಾರಿಕೆ ಒಂದನ್ನೇ ಅಲ್ಲ. ಕಲಿಸುವ ಗುರು, ಗಟ್ಟಿ ಬಂಡೆ, ಒಳ್ಳೆಯ ಹಗ್ಗ, ತಿಂಗಳುಗಟ್ಟಲೆ ಅಭ್ಯಾಸ ಆಕೆಗೆ ದೊರೆತವು. ಇವು ದೊರೆತಾಗ ಬಡವರ ಮನೆಯ ಮಗು ಎಷ್ಟು ಎತ್ತರಕ್ಕೆ ಹೋಗಬಲ್ಲದು ಎಂಬುದಕ್ಕೆ ಆಕೆ ಸಾಕ್ಷಿ.

ಇಲ್ಲೇ ನಾನು ನಿಮಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಪೂರ್ಣಾಳ ಕಥೆ ಕೇಳಿ ನಿಮ್ಮೂರಿನ ಹಳೆಯ ಪರ್ಸಿ ಖಣಿಯ ಗೋಡೆ ಹತ್ತಲು ಹೋಗಬೇಡಿ. ಗ್ರಾನೈಟಿನ ಬಂಡೆ ಒಂದೇ ಮುದ್ದೆಯಾಗಿರುತ್ತದೆ. ಬಾದಾಮಿಯ ಕೆಂಪು ಮರಳುಗಲ್ಲಿನ ಗೋಡೆಗಳೂ ಗಟ್ಟಿಯಾದವು. ಅಲ್ಲಿ ಏರಲು ಹೊರದೇಶದವರೂ ಬರುತ್ತಾರೆ. ಆದರೆ ಖಣಿಯ ಸುಣ್ಣದ ಕಲ್ಲು ಪದರ ಪದರವಾದದ್ದು. ಮದ್ದು ಸಿಡಿಸಿ, ಸುತ್ತಿಗೆ ಬಡಿದು ಮೊದಲೇ ಸಡಿಲಗೊಂಡದ್ದು. ನೀವು ಹಿಡಿದ ಹಾಳೆಯೇ ನಿಮ್ಮ ಕೈಯೊಂದಿಗೆ ಕಿತ್ತು ಬರಬಹುದು. ಕೆಳಗೆ ನಿಂತ ಮಳೆನೀರಿನ ಆಳ ಮೇಲಿನಿಂದ ತಿಳಿಯದು. ಚಿತ್ರದುರ್ಗದ ಕೋಟೆಯ ಗೋಡೆಯನ್ನು ಬರಿಗೈಯಲ್ಲಿ ಹತ್ತುವ ಜ್ಯೋತಿರಾಜ್ ಅವರನ್ನು ನೀವು ನೋಡಿರಬಹುದು. ಅದು ಅದೇ ಕಲ್ಲುಗಳೊಂದಿಗೆ ಅನೇಕ ವರ್ಷ ಪಳಗಿದ ಒಬ್ಬರ ಸಾಧನೆ. ನೋಡಿ ಮೆಚ್ಚಬೇಕಾದದ್ದು, ಅನುಕರಿಸಬೇಕಾದದ್ದಲ್ಲ. ಗೆಳೆಯರ ಪಂಥಕ್ಕೆ ಕಟ್ಟುಬಿದ್ದು ಹಗ್ಗವಿಲ್ಲದೆ ಹತ್ತುವವನು ಪರ್ವತಾರೋಹಿಯಲ್ಲ. ಅಂಜಿಕೆ ತಂದ ಸುದ್ದಿಯನ್ನು ಅವನು ಓದಿಲ್ಲ.

ಹಾಗಾದರೆ ಎಲ್ಲಿಂದ ಪ್ರಾರಂಭಿಸಬೇಕು? ನಡಿಗೆಯಿಂದ. ಚಿಂಚೋಳಿಯ ಕಾಡುಗುಡ್ಡಗಳು ನಿಮಗೆ ಹತ್ತಿರವಿವೆ. ಅದು ವನ್ಯಜೀವಿ ಧಾಮವಾದ್ದರಿಂದ ಅರಣ್ಯ ಇಲಾಖೆಯ ಅನುಮತಿ ಪಡೆದು, ಅಧ್ಯಾಪಕರೊಂದಿಗೆ ತಂಡವಾಗಿ ಹೋಗಿ. ಬೆನ್ನಿಗೆ ನೀರು, ಬುತ್ತಿ ಹೊತ್ತು ದಿನವಿಡೀ ಏರಿಳಿಯುವುದು ಒಳ್ಳೆಯ ಪಾಠ. ಇಡೀ ತಂಡ ಅತ್ಯಂತ ನಿಧಾನವಾಗಿ ನಡೆಯುವವನ ವೇಗದಲ್ಲೇ ನಡೆಯಬೇಕು ಎಂಬುದನ್ನು ಅಲ್ಲೇ ಕಲಿಯಬಹುದು. ಕಾಲೇಜಿನಲ್ಲಿ ಎನ್‌ಸಿಸಿ ಇದ್ದರೆ ಸೇರಿ. ಕೆಡೆಟ್‌ಗಳನ್ನು ಪರ್ವತಾರೋಹಣದ ಶಿಬಿರಗಳಿಗೆ ಆರಿಸಿ ಕಳುಹಿಸುವ ಪದ್ಧತಿ ಇದೆ. ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಗೆ ಸೇರಿದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಶಿಬಿರಗಳನ್ನು ನಡೆಸುತ್ತದೆ. ಮುಂದೆ ಹಿಮಾಲಯಕ್ಕೇ ಹೋಗಬೇಕೆನ್ನುವವರಿಗೆ 1954ರಲ್ಲಿ ಸ್ಥಾಪನೆಯಾದ ಡಾರ್ಜಿಲಿಂಗಿನ ಹಿಮಾಲಯನ್ ಪರ್ವತಾರೋಹಣ ಸಂಸ್ಥೆ, 1965ರಲ್ಲಿ ಪ್ರಾರಂಭವಾದ ಉತ್ತರಕಾಶಿಯ ನೆಹರೂ ಸಂಸ್ಥೆ ಇವೆ.

ಹಿಮ ನೋಡದೆಯೂ ಈ ಆಟ ಆಡಬಹುದು. ಕೃತಕ ಗೋಡೆ ಏರುವ ಸ್ಪರ್ಧೆ ಟೋಕಿಯೋದಲ್ಲಿ 2021ರಲ್ಲಿ ಮೊದಲ ಬಾರಿಗೆ ಒಲಿಂಪಿಕ್ಸಿಗೆ ಸೇರಿತು. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಪೋಲೆಂಡಿನ ಅಲೆಕ್ಸಾಂಡ್ರಾ ಮಿರೋಸ್ಲಾವ್ 15 ಮೀಟರ್ ಗೋಡೆಯನ್ನು 6.06 ಸೆಕೆಂಡಿನಲ್ಲಿ ಏರಿದರು. ಐದಂತಸ್ತಿನ ಮನೆಯ ಎತ್ತರ, ಆರು ಸೆಕೆಂಡು! ಅಲ್ಲಿಯೂ ಆಕೆಯ ಸೊಂಟಕ್ಕೆ ಹಗ್ಗವಿತ್ತು ಎಂಬುದನ್ನು ಮರೆಯಬೇಡಿ.

ಮಿತ್ರರೇ, ನಿಮ್ಮ ಸೀಮೆಯಲ್ಲಿ ಪರ್ವತವಿಲ್ಲದಿರುವುದು ಕೊರತೆಯಲ್ಲ. ಪೂರ್ಣಾಳ ಹಳ್ಳಿಯಲ್ಲೂ ಹಿಮವಿರಲಿಲ್ಲ. ಇಲ್ಲದಿರುವುದು ಕಲಿಸುವವರು ಮತ್ತು ಸಲಕರಣೆ. ಅದನ್ನು ನಿಮ್ಮ ಶಾಲೆ, ಕಾಲೇಜುಗಳ ಮುಖ್ಯಸ್ಥರನ್ನು ಕೇಳಿ. ಹತ್ತು ಜನ ಸೇರಿ ಅರ್ಜಿ ಬರೆದು ಕೇಳಿ. ಅವಕಾಶ ಸಿಕ್ಕಿದ ದಿನ ಬಂಡೆಯ ಬುಡದಲ್ಲಿ ನಿಂತು, ಏರುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳಿ. ಈ ಕಲ್ಲು ಗಟ್ಟಿಯೇ? ಹಗ್ಗದ ಇನ್ನೊಂದು ತುದಿಯಲ್ಲಿ ಯಾರಿದ್ದಾರೆ? ಎಷ್ಟು ಹೊತ್ತಿಗೆ ನಾನು ಹಿಂದಿರುಗಬೇಕು? ಮೂರಕ್ಕೂ ಸರಿಯಾದ ಉತ್ತರ ಇದ್ದರೆ, ಮೊದಲ ಹೆಜ್ಜೆ ಇಡಿ.