ದೆವ್ವಕ್ಕಿಂತ ಮೊದಲು ಬೆಲೆಪಟ್ಟಿ

ಇವತ್ತಿನ ಮಾತು ಹೆದರಿಕೆಯ ಬಗ್ಗೆ. ಅದರಲ್ಲೂ ಹೆದರಿಕೆಗೆ ಬೇಕಾದ ಸಾಮಾನನ್ನೆಲ್ಲ ಕೂಡಿಹಾಕಿ, ಅಚ್ಚು ಹಾಕಿಸಿ ಮಾರುವವರ ಬಗ್ಗೆ. ಕಾದಂಬರಿಕಾರರ ವಿಷಯವಲ್ಲ, ಸಿನಿಮಾದವರದ್ದೂ ಅಲ್ಲ. ಇವರು ರೋಲ್ ಪ್ಲೇಯಿಂಗ್ ಆಟಗಳಿಗೆ ಸೋರ್ಸ್ ಬುಕ್ ಬರೆಯುವವರು.

ಆಟ ಹೀಗಿದೆ. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬರು ಕಥೆ ನಡೆಸುತ್ತಾರೆ. ಉಳಿದವರಲ್ಲಿ ಒಬ್ಬ ಪ್ರೊಫೆಸರ್, ಒಬ್ಬಳು ಪತ್ರಕರ್ತೆ, ಒಬ್ಬ ಡಾಕ್ಟರ್. "ಬಾಗಿಲು ತೆಗೆಯುತ್ತೇನೆ" ಅಂತ ಪ್ರೊಫೆಸರ್ ಹೇಳಿದರೆ, ಒಳಗೆ ಏನಿದೆ ಅಂತ ಕಥೆ ನಡೆಸುವವರು ಹೇಳಬೇಕು. ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದಲ್ಲಿ ದಾಳ ಉರುಳಿಸುತ್ತಾರೆ. ತಾಳಮದ್ದಳೆ ನೋಡಿದವರಿಗೆ ಇದು ಹೊಸದೆನಿಸಲಾರದು. ಪ್ರಸಂಗ ಹಳೆಯದು, ಭಾಗವತರ ಪದ್ಯಗಳೂ ಗೊತ್ತಿರುವಂಥವೇ. ಆದರೆ ಆ ರಾತ್ರಿ ಕರ್ಣ ಕೃಷ್ಣನಿಗೆ ಏನು ಉತ್ತರ ಕೊಡುತ್ತಾನೆ ಎಂಬುದು ಎಲ್ಲೂ ಬರೆದಿರುವುದಿಲ್ಲ. ಸೋರ್ಸ್ ಬುಕ್ ಅಂದರೆ ಹೆಚ್ಚುಕಡಿಮೆ ಆ ಪ್ರಸಂಗ. ಅರ್ಥ ಹೇಳುವವರು ಆಡುವವರೇ.

ಇಂಥ ಆಟಗಳನ್ನು ಶುರುಮಾಡಿದ್ದು ಅಮೆರಿಕದಲ್ಲಿ 1974ರಲ್ಲಿ ಬಂದ ಡಂಜನ್ಸ್ ಅಂಡ್ ಡ್ರಾಗನ್ಸ್. ಅದರಲ್ಲಿ ಕತ್ತಿ ಹಿಡಿದು ರಾಕ್ಷಸರನ್ನು ಕೊಲ್ಲುತ್ತೀರಿ, ಕೊಂದಷ್ಟೂ ಬಲ ಹೆಚ್ಚುತ್ತದೆ. 1981ರಲ್ಲಿ ಕೇಯೋಸಿಯಂ ಎಂಬ ಕಂಪನಿ ಈ ಲೆಕ್ಕವನ್ನೇ ತಲೆಕೆಳಗು ಮಾಡಿತು. ಸ್ಯಾಂಡಿ ಪೀಟರ್ಸನ್ ಎಂಬ ತರುಣ ಬರೆದ ಆ ಆಟದ ಹೆಸರು ಕಾಲ್ ಆಫ್ ಕ್ತುಲು. ಎಚ್. ಪಿ. ಲವ್‌ಕ್ರಾಫ್ಟ್‌ನ ಕಥೆಗಳೇ ಅದಕ್ಕೆ ಆಧಾರ. (ಕ್ತುಲು ಎಂಬ ಹೆಸರನ್ನು ಮನುಷ್ಯರ ಗಂಟಲು ಸರಿಯಾಗಿ ಉಚ್ಚರಿಸಲಾರದು ಅಂತ ಲವ್‌ಕ್ರಾಫ್ಟೇ ಹೇಳಿಬಿಟ್ಟಿದ್ದಾನೆ. ಉದ್ಘೋಷಕರಿಗೆ ಇಷ್ಟು ದೊಡ್ಡ ರಿಯಾಯಿತಿ ಬೇರೆ ಯಾವ ಲೇಖಕನೂ ಕೊಟ್ಟಂತಿಲ್ಲ!)

ಈ ಆಟದಲ್ಲಿ ನಿಮ್ಮ ಪಾತ್ರಕ್ಕೆ ಚಿತ್ತಸ್ವಾಸ್ಥ್ಯದ ಅಂಕಗಳಿರುತ್ತವೆ. ನೋಡಬಾರದ್ದನ್ನು ನೋಡಿದಾಗ ದಾಳ ಕೈಕೊಟ್ಟರೆ ಅಂಕ ಇಳಿಯುತ್ತದೆ. ಒಂದೇ ಏಟಿಗೆ ಐದೋ ಅದಕ್ಕಿಂತ ಹೆಚ್ಚೋ ಹೋದರೆ ಬುದ್ಧಿ ತಾತ್ಕಾಲಿಕವಾಗಿ ಕಲಕುವ ಸಾಧ್ಯತೆ ಇದೆ. ಇದಕ್ಕಿಂತ ಜಾಣ ನಿಯಮ ಇನ್ನೊಂದಿದೆ. ಆ ಅಮಾನುಷ ಲೋಕದ ಬಗ್ಗೆ ನಿಮಗಿರುವ ತಿಳಿವಳಿಕೆಗೂ ಅಂಕವಿದೆ, ಅದನ್ನು 99ರಿಂದ ಕಳೆದರೆ ಉಳಿಯುವುದೇ ನಿಮ್ಮ ಸ್ವಾಸ್ಥ್ಯದ ಗರಿಷ್ಠ ಮಿತಿ. ಹತ್ತು ಅಂಕದಷ್ಟು ತಿಳಿದುಕೊಂಡರೆ ಜನ್ಮದಲ್ಲಿ 89 ದಾಟುವಂತಿಲ್ಲ. ತಿಳಿಯದೆ ಗೆಲ್ಲುವಂತಿಲ್ಲ, ತಿಳಿದರೆ ಉಳಿಯುವಂತಿಲ್ಲ. ನೂರು ಪುಟದ ವರ್ಣನೆ ಮಾಡಲಾಗದ ಕೆಲಸವನ್ನು ಒಂದು ಕಳೆಯುವ ಲೆಕ್ಕ ಮಾಡಿದೆ.

ಸರಿ, ನಿಯಮವಾಯಿತು. ಪುಸ್ತಕ ಬರೆಯುವವರ ಕೆಲಸವೇನು? ಬಹುಪಾಲು ದೆವ್ವಕ್ಕೆ ಸಂಬಂಧವೇ ಇಲ್ಲದ ಕೆಲಸ. 1920ರ ದಶಕದಲ್ಲಿ ಹೋಟೆಲ್ ರೂಮಿಗೆ ಎಷ್ಟು, ನ್ಯೂಯಾರ್ಕಿನಿಂದ ಲಂಡನ್‌ಗೆ ಹಡಗಿನಲ್ಲಿ ಎಷ್ಟು ದಿನ, ಟೆಲಿಫೋನ್ ಎಲ್ಲೆಲ್ಲಿ ಸಿಗುತ್ತದೆ, ಪೊಲೀಸರ ಕೈಯಲ್ಲಿ ಯಾವ ಬಂದೂಕು. ಆಡುವವರು ಯಾವ ಗಳಿಗೆಯಲ್ಲಿ ಏನು ಕೇಳುತ್ತಾರೋ ಗೊತ್ತಿಲ್ಲ. ಹೋಟೆಲ್ ಬಾಡಿಗೆ ಕೇಳಿದಾಗ ಕಥೆ ನಡೆಸುವವರು ತಡವರಿಸಿದರೆ, ಅದೇ ಹೋಟೆಲಿನ ಗೋಡೆಯೊಳಗೆ ಏನೋ ಕೆರೆಯುತ್ತಿದೆ ಅಂದಾಗ ಯಾರೂ ನಂಬುವುದಿಲ್ಲ.

1984ರಲ್ಲಿ ಬಂದ ಮಾಸ್ಕ್ಸ್ ಆಫ್ ನ್ಯಾರ್ಲತೊಟೆಪ್ ಇದಕ್ಕೆ ಒಳ್ಳೆಯ ಉದಾಹರಣೆ. ಬರೆದವರು ಲ್ಯಾರಿ ಡಿಟಿಲಿಯೊ, ಜೊತೆಗೆ ಲಿನ್ ವಿಲ್ಲಿಸ್. 1925ರ ಜನವರಿಯಲ್ಲಿ ನ್ಯೂಯಾರ್ಕಿನ ಒಂದು ಹೋಟೆಲಿನಲ್ಲಿ ಜಾಕ್ಸನ್ ಇಲಿಯಾಸ್ ಎಂಬ ಲೇಖಕನ ಕೊಲೆ. ಅಲ್ಲಿಂದ ಲಂಡನ್, ಕೈರೋ, ಕೀನ್ಯಾ, ಶಾಂಘೈ. ಬರಿಯ ವಿವರಣೆಯಲ್ಲ, ಆಡುವವರ ಕೈಗೇ ಕೊಡಲು ಪತ್ರಿಕಾ ತುಣುಕುಗಳು, ಕಾಗದಗಳು, ಶಾಂಘೈನ ಬಾರೊಂದರ ಬೆಂಕಿಪೆಟ್ಟಿಗೆ. ಬೆಂಕಿಪೆಟ್ಟಿಗೆಯಲ್ಲಿ ದೆವ್ವವಿಲ್ಲ. ಆದರೆ ಸತ್ತವನ ವಸ್ತು ಕೈಗೆ ಬಂದರೆ ಆಡುವವರ ದನಿ ತಾನಾಗಿ ತಗ್ಗುತ್ತದೆ. ಆಸ್ಟ್ರೇಲಿಯಾದ ಅಧ್ಯಾಯವೂ ಇತ್ತು, ಜಾಗ ಸಾಲದೆ ಕೈಬಿಟ್ಟಿದ್ದು 1987ರಲ್ಲಿ ಟೆರರ್ ಆಸ್ಟ್ರಾಲಿಸ್ ಎಂಬ ಬೇರೆ ಪುಸ್ತಕದಲ್ಲಿ ಬಂತು.

ಸುಳಿವು ಸಿಗದಿದ್ದರೆ? ಇದು ಈ ಕಸುಬಿನ ಹಳೆಯ ತಲೆನೋವು. ದಾಳ ಕೆಟ್ಟು ಬಿತ್ತು, ಮೇಜಿನ ಡ್ರಾಯರಿನಲ್ಲಿದ್ದ ಕಾಗದ ಕಣ್ಣಿಗೆ ಬೀಳಲಿಲ್ಲ, ಕಥೆ ಅಲ್ಲೇ ನಿಂತಿತು. ಅದಕ್ಕೇ ಒಳ್ಳೆಯ ಬರಹಗಾರರು ಒಂದೇ ಸತ್ಯಕ್ಕೆ ಮೂರು ದಾರಿ ಇಟ್ಟಿರುತ್ತಾರೆ. ರಾಬಿನ್ ಲಾಸ್ ರೂಪಿಸಿದ ಗಮ್‌ಶೂ ಪದ್ಧತಿ ಇನ್ನೂ ಮುಂದೆ ಹೋಯಿತು. ತಕ್ಕ ಪರಿಣತಿಯವರು ಹುಡುಕಿದರೆ ಮುಖ್ಯ ಸುಳಿವು ಸಿಕ್ಕೇ ಸಿಗುತ್ತದೆ, ದಾಳದ ಗೊಡವೆಯೇ ಇಲ್ಲ. ಕೆನೆತ್ ಹೈಟ್ 2008ರಲ್ಲಿ ಟ್ರೇಲ್ ಆಫ್ ಕ್ತುಲು ಬರೆದದ್ದು ಈ ಪದ್ಧತಿಯಲ್ಲೇ.

ಈಗ ಸ್ವಲ್ಪ ಕಹಿಯಾದ ಮಾತು. 1890ರಲ್ಲಿ ಹುಟ್ಟಿ 1937ರಲ್ಲಿ ತೀರಿಕೊಂಡ ಲವ್‌ಕ್ರಾಫ್ಟ್ ಕಡು ಜನಾಂಗದ್ವೇಷಿ. ಅವನ ಕಥೆಗಳಲ್ಲಿ ಭಯಂಕರ ದೇವತೆಗಳನ್ನು ಪೂಜಿಸುವವರು ಬಹಳ ಸಲ ಕಪ್ಪು ಜನ, ವಲಸೆ ಬಂದವರು, ದೂರದ ದ್ವೀಪದವರು. ಹಳೆಯ ಆಟದ ಪುಸ್ತಕಗಳಿಗೂ ಈ ಅಂಟು ತಗುಲಿತು. ಕ್ರಿಸ್ ಸ್ಪೈವಿ 2017ರಲ್ಲಿ ಹಾರ್ಲೆಮ್ ಅನ್‌ಬೌಂಡ್ ಬರೆದು ಇದಕ್ಕೆ ನೇರ ಉತ್ತರ ಕೊಟ್ಟರು. ಅದರಲ್ಲಿ 1920ರ ದಶಕದ ಹಾರ್ಲೆಮ್‌ನ ಕಪ್ಪು ಜನರೇ ಪತ್ತೇದಾರರು. ಕ್ತುಲುವನ್ನು ಎದುರಿಸುವ ಮೊದಲು ಅವರು ಬೀದಿಯಲ್ಲಿನ ವರ್ಣದ್ವೇಷವನ್ನು ಎದುರಿಸಬೇಕು. 2020ರಲ್ಲಿ ಅದರ ಎರಡನೇ ಆವೃತ್ತಿಯನ್ನು ಪ್ರಕಟಿಸಿದ್ದು ಸ್ವತಃ ಕೇಯೋಸಿಯಂ.

ಈ ವಿಷಯ ನಮಗೂ ದೂರದ್ದಲ್ಲ. ನಾಳೆ ಯಾರಾದರೂ ನಮ್ಮ ಕರಾವಳಿಯನ್ನಿಟ್ಟುಕೊಂಡು ಇಂಥ ಪುಸ್ತಕ ಬರೆಯಹೊರಟರೆ ಮೊದಲು ಎಡವುವುದು "ಭೂತ" ಎಂಬ ಪದದಲ್ಲಿ. ಮುಂಬಯಿಯಲ್ಲಿ ಈ ಕಾರ್ಯಕ್ರಮ ಕೇಳುವ ತುಳುನಾಡಿನವರಿಗೆ ಹೇಳಬೇಕಾಗಿಲ್ಲ. ಪಂಜುರ್ಲಿ, ಗುಳಿಗ ಮನೆಯನ್ನು ಕಾಯುವ ದೈವಗಳು. ಕೋಲದಲ್ಲಿ ಜನ ಆಸ್ತಿ ತಂಟೆ ಹೇಳಿಕೊಳ್ಳುತ್ತಾರೆ, ಅಭಯ ಪಡೆಯುತ್ತಾರೆ. ಎ. ಸಿ. ಬರ್ನೆಲ್ ಸಂಗ್ರಹಿಸಿದ ಪಾಡ್ದನಗಳು 1890ರ ದಶಕದಲ್ಲಿ ಇಂಡಿಯನ್ ಆಂಟಿಕ್ವೆರಿಯಲ್ಲಿ ಅಚ್ಚಾದಾಗ ಕೊಟ್ಟ ಶೀರ್ಷಿಕೆಯ ಅರ್ಥವೇ ತುಳುವರ ಪಿಶಾಚಾರಾಧನೆ ಅಂತ! ಸಾಮಗ್ರಿ ಅಮೂಲ್ಯ, ತಲೆಬರಹ ತಪ್ಪು. ಅದನ್ನೇ ನಂಬಿ ಗುಳಿಗನನ್ನು ಕಂಡರೆ ಇಷ್ಟು ಅಂಕ ಇಳಿಯುತ್ತದೆ ಅಂತ ಬರೆದರೆ, ಒಬ್ಬರ ಮನೆದೈವವನ್ನು ಇನ್ನೊಬ್ಬರ ರಾಕ್ಷಸ ಮಾಡಿದಂತಾಯಿತು. ಅಲ್ಲಿ ಭಯ ಇರುವುದು ದೈವದಲ್ಲಿ ಅಲ್ಲ, ಕೊಟ್ಟ ಮಾತಿಗೆ ತಪ್ಪಿದವನ ಎದೆಯಲ್ಲಿ. ಕಥೆ ಬರೆಯುವುದಾದರೆ ಅವನದ್ದು ಬರೆಯಲಿ.

ಬರೀ ಹೆದರಿಸುವುದೇ ಬೇಕಿದ್ದರೆ ನಮ್ಮಲ್ಲಿ "ನಾಳೆ ಬಾ" ಇದೆಯಲ್ಲ. 1990ರ ದಶಕದಲ್ಲಿ ಕರ್ನಾಟಕದ ಎಷ್ಟೋ ಮನೆಗಳ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದರು. ರಾತ್ರಿ ಬರುತ್ತದೆ, ಪರಿಚಿತರ ದನಿಯಲ್ಲಿ ಕರೆಯುತ್ತದೆ, ಬರೆದದ್ದನ್ನು ಓದಿ ಹಿಂದಿರುಗುತ್ತದೆ, ಮರುದಿನ ಮತ್ತೆ ಬಂದು ಮತ್ತೆ ಓದುತ್ತದೆ. ಯಾರೂ ಕುಳಿತು ಬರೆಯದೆಯೇ ನಿಯಮಗಳೆಲ್ಲ ಸಿದ್ಧವಾಗಿವೆ. ಸೋರ್ಸ್ ಬುಕ್ಕಿನವರು ಇದನ್ನು ಕೈಗೆತ್ತಿಕೊಂಡರೆ ಕೇಳುವ ಪ್ರಶ್ನೆಗಳೇ ಬೇರೆ. ಮಳೆಗೆ ಅಕ್ಷರ ಅಳಿಸಿಹೋದರೆ? ಬಾಡಿಗೆ ಮನೆಯ ಮಾಲೀಕರು ಬಾಗಿಲಿಗೆ ಹೊಸ ಬಣ್ಣ ಹೊಡೆಸಿದರೆ? ಕನ್ನಡ ಓದಬಲ್ಲ ದೆವ್ವ ದೆಹಲಿಗೆ ಬಂದು, ಬಾಗಿಲ ಮೇಲೆ ಹಿಂದಿಯಲ್ಲಿ ಬರೆದದ್ದನ್ನು ಕಂಡರೆ?