ಗಾಳಿ ಕೆಡವಿದ ಮನೆ, ಅವಸರ ಕೆಡಿಸುವ ದುರಸ್ತಿ

(ಉಪನ್ಯಾಸದ ಬರಹ ರೂಪ)



ಮಲೆನಾಡಿನ ಮನೆಗೆ ವರ್ಷದಲ್ಲಿ ಎರಡು ಬಗೆಯ ಗಾಳಿಯ ಕಾಟವುಂಟು. ಮೊದಲನೆಯದು ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಗುಡುಗು, ಆಲಿಕಲ್ಲುಗಳೊಡನೆ ಬಂದು ಅರ್ಧ ಗಂಟೆಯಲ್ಲಿ ಮುಗಿದುಹೋಗುವ ಬಿರುಗಾಳಿ. ಎರಡನೆಯದು ಆರಿದ್ರಾದಿಂದ ಆಶ್ಲೇಷದವರೆಗೆ ದಿನಗಟ್ಟಲೆ ಬಿಡದೆ ಬೀಸುವ ಮಳೆಗಾಳಿ. ಮೊದಲನೆಯದು ಹೆಂಚು ಹಾರಿಸುತ್ತದೆ, ಮರ ಉರುಳಿಸುತ್ತದೆ. ಎರಡನೆಯದು ಗೋಡೆಯನ್ನು ನೆನೆಸುತ್ತದೆ, ಧರೆಯನ್ನು ಸಡಿಲಿಸುತ್ತದೆ. ಇವುಗಳ ಜೊತೆಗೆ ಅರಬ್ಬಿ ಸಮುದ್ರದ ಚಂಡಮಾರುತಗಳ ಹೊಡೆತವೂ ಸೇರಿಕೊಳ್ಳುತ್ತದೆ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತವು ಕರ್ನಾಟಕದಲ್ಲಿ ನೆಲ ಮುಟ್ಟದೆ ಸಮುದ್ರದಲ್ಲೇ ಉತ್ತರಕ್ಕೆ ಸಾಗಿ ಗುಜರಾತನ್ನು ಅಪ್ಪಳಿಸಿತಾದರೂ, ಹೋಗುವ ದಾರಿಯಲ್ಲಿ ಇಲ್ಲಿನ ಕರಾವಳಿ ಮತ್ತು ಘಟ್ಟದ ಊರುಗಳ ಮನೆಗಳಿಗೂ ಹಾನಿ ಮಾಡಿತು.

ಗಾಳಿಯಿಂದಾದ ನಷ್ಟ ಎಲ್ಲರ ಕಣ್ಣಿಗೂ ಕಾಣುತ್ತದೆ, ಮರುದಿನದ ಪತ್ರಿಕೆಯಲ್ಲಿಯೂ ಬರುತ್ತದೆ. ಆದರೆ ಅದರ ಬೆನ್ನಿಗೇ ಬರುವ ಎರಡನೆಯ ನಷ್ಟವೊಂದಿದೆ. ಅದು ದುರಸ್ತಿಯ ಹೆಸರಿನಲ್ಲಿ ಆಗುವ ನಷ್ಟ. ಮಾಡು ಹಾರಿಹೋದ ಮನೆಯವರಿಗೆ ಹೇಗಾದರೂ ಮುಚ್ಚಿಕೊಂಡರೆ ಸಾಕೆಂಬ ಆತಂಕ. ಆ ಹೊತ್ತಿನಲ್ಲಿ ಬಾಗಿಲಿಗೆ ಬಂದ ಮೊದಲ ಗುತ್ತಿಗೆದಾರನಿಗೇ ಕೆಲಸ ಹೋಗುತ್ತದೆ, ದೊಡ್ಡ ಮುಂಗಡವೂ ಹೋಗುತ್ತದೆ, ಹಿತ್ತಿಲಿನ ಧರೆಗೆ ಜೆಸಿಬಿ ತಾಗುತ್ತದೆ. ಮರುವರ್ಷ ಅದೇ ಮಾಡು ಮತ್ತೆ ಹಾರಿದಾಗ, ಅಥವಾ ಕಡಿದ ಧರೆ ಹಿಂಗೋಡೆಯ ಮೇಲೆ ಬಂದು ಕೂತಾಗ, ಉಳಿಯುವುದು ಸಾಲ ಮಾತ್ರ. ಗಾಳಿಯನ್ನು ತಡೆಯುವುದು ಯಾರ ಕೈಯಲ್ಲೂ ಇಲ್ಲ. ಈ ಎರಡನೆಯ ನಷ್ಟವನ್ನು ತಡೆಯುವುದು ಮನೆಯವರ ಮತ್ತು ಊರಿನವರ ಕೈಯಲ್ಲಿದೆ. ಮನೆ ಏಕೆ ಕೆಟ್ಟಿತೆಂದು ತಿಳಿಯುವ ಮೊದಲು ಅದನ್ನು ಸರಿಪಡಿಸಲು ಯಾರಿಗೂ ಹಣ ಕೊಡಬಾರದು ಎಂಬುದೇ ಈ ಮಾತಿನ ಸಾರ.

ಮೊದಲ ಎರಡು ದಿನ

ಗಾಳಿ ನಿಂತೊಡನೆ ಮಾಡು ಹತ್ತುವುದು ಸಲ್ಲದು. ತುಂಡಾದ ವಿದ್ಯುತ್ ತಂತಿಯು ಒದ್ದೆ ನೆಲದಲ್ಲಿ, ಬಿದ್ದ ಮರದ ಕೊಂಬೆಯಲ್ಲಿ, ತಗಡಿನ ಮಾಡಿನಲ್ಲಿ ಜೀವಂತವಾಗಿರಬಹುದು. ಮನೆಯ ಮುಖ್ಯ ಸ್ವಿಚ್ ಆರಿಸಿ, ವಿದ್ಯುತ್ ದೂರಿನ ಸಂಖ್ಯೆಯಾದ 1912ಕ್ಕೆ ತಿಳಿಸುವುದು ಮೊದಲ ಕೆಲಸ. ನೆನೆದ ಮಣ್ಣಿನ ಗೋಡೆ ಮಳೆ ನಿಂತು ಒಂದೆರಡು ದಿನವಾದ ಮೇಲೂ ಕುಸಿಯಬಲ್ಲದು. ಗೋಡೆ ಹೊಟ್ಟೆ ಬಿಟ್ಟಿದ್ದರೆ, ಮೂಲೆಯಲ್ಲಿ ಹೊಸ ಬಿರುಕು ಕಂಡಿದ್ದರೆ, ಆ ಕೋಣೆಯಲ್ಲಿ ಮಲಗಬಾರದು. ಆ ಗೋಡೆಯ ಮಗ್ಗುಲಲ್ಲಿ ದನಕರುಗಳನ್ನು ಕಟ್ಟಲೂಬಾರದು.

ಎರಡನೆಯ ಕೆಲಸ ದಾಖಲೆ. ಬಿದ್ದದ್ದನ್ನು ಗುಡಿಸಿ ತೆಗೆಯುವ ಮೊದಲು ಒಳಗಿನಿಂದ, ಹೊರಗಿನಿಂದ, ನಾಲ್ಕೂ ದಿಕ್ಕಿನಿಂದ ಚಿತ್ರ ತೆಗೆಯಬೇಕು. ಹಾರಿದ ಹೆಂಚುಗಳ ಎಣಿಕೆ, ಬಿದ್ದ ಗೋಡೆಯ ಉದ್ದ ಮತ್ತು ಎತ್ತರ, ಮುರಿದ ಪಕಾಸಿಗಳ ಸಂಖ್ಯೆ ಇವುಗಳನ್ನು ದಿನಾಂಕ ಸಹಿತ ಒಂದು ಪುಸ್ತಕದಲ್ಲಿ ಬರೆಯಬೇಕು. ಪಂಚಾಯಿತಿಗೂ ಗ್ರಾಮ ಆಡಳಿತ ಅಧಿಕಾರಿಗೂ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆದು, ಮಹಜರು ನಡೆಯುವಾಗ ಮನೆಯವರು ಅಲ್ಲಿಯೇ ಇರಬೇಕು.

ಈ ಎಚ್ಚರಕ್ಕೆ ಕಾರಣವಿದೆ. ರಾಜ್ಯ ವಿಪತ್ತು ಪರಿಹಾರ ನಿಧಿಯಡಿ 2022ರಿಂದ 2026ರ ಅವಧಿಗೆ ಕೇಂದ್ರವು ನಿಗದಿಪಡಿಸಿದ ದರದಂತೆ, ಪೂರ್ಣ ಹಾನಿಗೊಂಡ ಮನೆಗೆ ಬಯಲು ಪ್ರದೇಶದಲ್ಲಿ 1,20,000 ರೂಪಾಯಿ, ಗುಡ್ಡಗಾಡಿನಲ್ಲಿ 1,30,000 ರೂಪಾಯಿ. ಕನಿಷ್ಠ ಶೇಕಡಾ 15ರಷ್ಟು ಭಾಗಶಃ ಹಾನಿಗೊಂಡ ಪಕ್ಕಾ ಮನೆಗೆ 6,500 ರೂಪಾಯಿ, ಕಚ್ಚಾ ಮನೆಗೆ 4,000 ರೂಪಾಯಿ ಮಾತ್ರ. ‘ಪೂರ್ಣ’ ಮತ್ತು ‘ಭಾಗಶಃ’ ಎಂಬ ಎರಡು ಪದಗಳ ನಡುವೆ ಲಕ್ಷಕ್ಕೂ ಮೀರಿದ ಅಂತರವಿದೆ. ಮೇಲ್ನೋಟಕ್ಕೆ ನಿಂತಂತೆ ಕಾಣುವ, ಆದರೆ ತಳಪಾಯ ಕದಲಿದ ಮನೆಯು ಮಹಜರಿನಲ್ಲಿ ಯಾವ ಪದವನ್ನು ಪಡೆಯುತ್ತದೆ ಎಂಬುದು ಚಿತ್ರಗಳನ್ನೂ ಅಳತೆಗಳನ್ನೂ ಅವಲಂಬಿಸಿದೆ. ಮನೆಕಂದಾಯದ ರಸೀದಿ, ವಿದ್ಯುತ್ ಬಿಲ್ಲು, ಪಡಿತರ ಚೀಟಿಗಳನ್ನು ಮಳೆಗಾಲಕ್ಕೆ ಮುನ್ನವೇ ನೀರು ಹೋಗದ ಚೀಲದಲ್ಲಿ ಕಟ್ಟಿಡುವುದು ಲೇಸು. ಹಕ್ಕುಪತ್ರವಿಲ್ಲದ ಮನೆಯವರಿಗಂತೂ ತಾವು ಅಲ್ಲಿ ವಾಸವಿದ್ದುದಕ್ಕೆ ಇವೇ ಸಾಕ್ಷಿ.

ಮೂರನೆಯದು ಹೊದಿಕೆ. ಇಲ್ಲಿಯೇ ಬಹಳ ಮನೆಗಳು ಎಡವುತ್ತವೆ. ತಾತ್ಕಾಲಿಕ ಹೊದಿಕೆ ಒಂದು ಕೆಲಸ, ಶಾಶ್ವತ ದುರಸ್ತಿ ಬೇರೊಂದು ಕೆಲಸ. ಮುಂಗಾರಿನ ನಡುವೆ ಗೋಡೆ ಒಣಗದು, ಗಾರೆ ಹಿಡಿಯದು, ಹಸಿ ಮರ ಬಾಗುತ್ತದೆ. ಟಾರ್ಪಾಲನ್ನು ಮಾಡಿನ ಎರಡೂ ಇಳಿಜಾರಿಗೆ ಬರುವಂತೆ ತಲೆಯ ಮೇಲಿನಿಂದ ಹೊದಿಸಿ, ಹಗ್ಗದಿಂದ ಕೆಳಗಿನ ತೊಲೆಗೆ ಬಿಗಿದರೆ ಮಳೆಗಾಲ ಕಳೆಯುತ್ತದೆ. ಅಡಕೆ ಸೋಗೆಯ ಹೊದಿಕೆ ಮಾಡಬಲ್ಲವರು ಇಂದಿಗೂ ಕೆಲವು ಊರುಗಳಲ್ಲಿದ್ದಾರೆ. ಶಾಶ್ವತ ಕೆಲಸಕ್ಕೆ ದೀಪಾವಳಿಯ ಆಸುಪಾಸು ತಕ್ಕ ಕಾಲ. ಜುಲೈ ತಿಂಗಳಲ್ಲಿ ಬಂದು ವಾರದೊಳಗೆ ಎಲ್ಲವನ್ನೂ ಮುಗಿಸಿಕೊಡುವೆನೆನ್ನುವವನ ಮಾತನ್ನು ಸಂಶಯದಿಂದಲೇ ಕೇಳಬೇಕು.

ಮನೆ ಏಕೆ ಕೆಟ್ಟಿತು?

ಗಾಳಿ ಮಾಡನ್ನು ತಳ್ಳಿ ಕೆಡವುತ್ತದೆಂಬುದು ಸಾಮಾನ್ಯ ತಿಳಿವಳಿಕೆ. ವಾಸ್ತವದಲ್ಲಿ ಅದು ಮಾಡನ್ನು ಬಹುಮಟ್ಟಿಗೆ ಮೇಲಕ್ಕೆ ಎಳೆಯುತ್ತದೆ. ಮಾಡಿನ ಮೇಲಿಂದ ರಭಸವಾಗಿ ಹಾಯುವ ಗಾಳಿಯು ಅಲ್ಲಿನ ಒತ್ತಡವನ್ನು ತಗ್ಗಿಸುತ್ತದೆ. ತೆರೆದ ಬಾಗಿಲು, ಕಿಟಕಿಗಳಿಂದ ಒಳನುಗ್ಗಿದ ಗಾಳಿ ಕೆಳಗಿನಿಂದ ಒತ್ತುತ್ತದೆ. ಸೂರಿನ ಅಂಚು, ಮಾಡಿನ ತಲೆ ಮತ್ತು ಮೂಲೆಗಳಲ್ಲಿ ಈ ಎಳೆತ ಅತಿ ಹೆಚ್ಚು. ಮೊದಲು ಹೋಗುವ ಹೆಂಚುಗಳು ಅಲ್ಲಿನವೇ. ಇಳಿಜಾರು ತೀರ ಕಡಿಮೆಯಾದ ತಗಡಿನ ಮಾಡು ಬಹು ಬೇಗ ಏಳುತ್ತದೆ.

1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಗೂ ಮಲೆನಾಡಿಗೂ ಹರಡಿದ ಮಂಗಳೂರು ಹೆಂಚಿಗೆ ಒಂದು ಗುಣವಿದೆ. ಅದರ ಸಂದುಗಳಲ್ಲಿ ಗಾಳಿ ಆಡುವುದರಿಂದ ಒಳಗಿನ ಒತ್ತಡ ಕೊಂಚ ಇಳಿಯುತ್ತದೆ. ಹಾರಿದರೂ ಹತ್ತಿಪ್ಪತ್ತು ಹೆಂಚು ಹಾರುತ್ತದೆಯೇ ಹೊರತು ಮಾಡಿಗೆ ಮಾಡೇ ಎದ್ದುಹೋಗುವುದು ಅಪರೂಪ. ಅಂಚಿನ ಮತ್ತು ತಲೆಯ ಎರಡು ಮೂರು ಸಾಲು ಹೆಂಚುಗಳನ್ನು ತಂತಿಯಿಂದ ರೀಪಿಗೆ ಕಟ್ಟಿದರೆ ಅದನ್ನೂ ಬಹುಪಾಲು ತಡೆಯಬಹುದು. ತಗಡು ಹಾಕಲೇಬೇಕೆಂದಾದರೆ ಅಂಚುಗಳಲ್ಲಿ ಮೊಳೆಯ ಬದಲು ವಾಷರ್ ಸಹಿತ ಬೋಲ್ಟುಗಳನ್ನು ಒತ್ತಾಗಿ ಹಾಕಬೇಕು. ಇವೆಲ್ಲಕ್ಕಿಂತ ಮುಖ್ಯವಾದುದು ಕೊಂಡಿ. ಹೆಂಚು ರೀಪಿಗೆ, ರೀಪು ಪಕಾಸಿಗೆ, ಪಕಾಸು ಗೋಡೆಯ ಮೇಲಿನ ಹಾಸುಮರಕ್ಕೆ, ಹಾಸುಮರ ಗೋಡೆಗೆ ಬಿಗಿಯಾಗಿರಬೇಕು. ಈ ಸರಪಳಿಯಲ್ಲಿ ಎಲ್ಲಿ ಬಿಟ್ಟಿದೆಯೋ ಅಲ್ಲಿ ದುರಸ್ತಿ ಆಗಬೇಕು. ಅದನ್ನು ನೋಡದೆ ಬರಿಯ ಹೆಂಚು ಬದಲಿಸಿದರೆ ಗಾಳಿಗೆ ಹೊಸ ಹೆಂಚು ಕೊಟ್ಟಂತೆ.

ಇನ್ನು ಗೋಡೆ. ಮಣ್ಣಿನ ಗೋಡೆಯ ಶತ್ರು ನೀರು. ಸೂರು ಮುಂದಕ್ಕೆ ಚಾಚಿದ್ದರೆ, ಪಾಯ ನೆಲದಿಂದ ಮೇಲೆದ್ದಿದ್ದರೆ, ಆ ಗೋಡೆ ತಲೆಮಾರುಗಳ ಕಾಲ ನಿಲ್ಲುತ್ತದೆ. ಬಿರುಕು ಕಂಡೊಡನೆ ಸಿಮೆಂಟು ಬಳಿಯುವುದು ಇಂದು ಎಲ್ಲೆಡೆ ಕಾಣುವ ತಪ್ಪು ಚಿಕಿತ್ಸೆ. ಸಿಮೆಂಟಿನ ಪದರವು ಮಣ್ಣಿಗೆ ಅಂಟಿ ನಿಲ್ಲದು, ಒಳಗಿನ ತೇವವನ್ನೂ ಹೊರಬಿಡದು. ಗೋಡೆ ಒಳಗೇ ಕೊಳೆತು ಒಂದು ದಿನ ಹಲಗೆಯಂತೆ ಕಳಚುತ್ತದೆ. ಮಣ್ಣಿಗೆ ಮಣ್ಣಿನದೇ ಅಥವಾ ಸುಣ್ಣದ ಗಾರೆ ಸರಿ.

ಕೊನೆಯದಾಗಿ ಧರೆ. 2018ರ ಆಗಸ್ಟ್ ತಿಂಗಳ ಮಧ್ಯದಲ್ಲಿ ಕೊಡಗಿನ ಮಕ್ಕಂದೂರು, ಮದೆನಾಡು, ಜೋಡುಪಾಲದ ಆಸುಪಾಸಿನಲ್ಲಿ ಗುಡ್ಡಗಳು ಜರಿದು ಮನೆಗಳನ್ನು ಕೊಂಡೊಯ್ದವು. ಅದನ್ನು ಅಧ್ಯಯನ ಮಾಡಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು ಅತಿವೃಷ್ಟಿಯೊಡನೆ, ರಸ್ತೆ ಮತ್ತು ಕಟ್ಟಡಗಳಿಗಾಗಿ ಇಳಿಜಾರನ್ನು ಕಡಿದದ್ದನ್ನೂ ಕಾರಣವೆಂದು ಗುರುತಿಸಿತು. ಮರುವರ್ಷದ ಆಗಸ್ಟಿನಲ್ಲಿ ಮೂಡಿಗೆರೆ, ಬೆಳ್ತಂಗಡಿಗಳ ಸರದಿ. ಆದ್ದರಿಂದ ಹಿಂಗೋಡೆ ಬಿದ್ದ ಮನೆಯಲ್ಲಿ ಗೋಡೆಗಿಂತ ಮೊದಲು ಧರೆಯನ್ನು ನೋಡಬೇಕು. ಧರೆಯ ನೆತ್ತಿಯಲ್ಲಿ ಉದ್ದನೆಯ ಬಿರುಕು, ಓರೆಯಾದ ಮರ, ಹೊಸದಾಗಿ ಒಸರುವ ಕೆಸರು ನೀರು ಇವು ಮನೆ ಬಿಟ್ಟು ಹೊರಡಬೇಕಾದ ಸೂಚನೆಗಳು. ಅಂಥ ಧರೆಯ ಬುಡವನ್ನು ‘ಜಾಗ ಬಿಡಿಸುವ’ ನೆಪದಲ್ಲಿ ಯಂತ್ರದಿಂದ ಕೆರೆಯುವುದು ಮನೆಯನ್ನು ಹೂಳಲು ತಯಾರಿ ಮಾಡಿದಂತೆ. ನೆತ್ತಿಯ ನೀರನ್ನು ಕಾಲುವೆ ತೆಗೆದು ಪಕ್ಕಕ್ಕೆ ತಿರುಗಿಸುವುದು, ಧರೆಗೆ ತಡೆಗೋಡೆ ಕಟ್ಟುವುದಾದರೆ ಅದರಲ್ಲಿ ನೀರು ಹೊರಬರುವ ರಂಧ್ರಗಳನ್ನು ಬಿಡುವುದು ಅವಶ್ಯ. ರಂಧ್ರವಿಲ್ಲದ ತಡೆಗೋಡೆಯು ಅಣೆಕಟ್ಟೆಯಾಗುತ್ತದೆ, ಆದರೆ ಅಣೆಕಟ್ಟೆಯ ಬಲ ಅದಕ್ಕಿರುವುದಿಲ್ಲ.

ಗುತ್ತಿಗೆ ಕೊಡುವ ಬಗೆ

ಕಾರಣ ತಿಳಿದ ಮೇಲೆ ಕೆಲಸದ ಪಟ್ಟಿಯನ್ನು ಮನೆಯವರೇ ಬರೆಯಬೇಕು. ಗುತ್ತಿಗೆದಾರ ಬಂದು ಬರೆಯುವ ಪಟ್ಟಿ ಅವನಿಗೆ ಅನುಕೂಲವಾದ ಪಟ್ಟಿ. ಎಷ್ಟು ಚದರ ಅಡಿ ಹೆಂಚು, ಎಷ್ಟು ಪಕಾಸು, ಯಾವ ಜಾತಿಯ ಮರ, ಹಳೆಯ ಹೆಂಚು ಎಷ್ಟು ಮರುಬಳಕೆ, ಎಷ್ಟು ಉದ್ದದ ಗೋಡೆ ಎಂಬ ಒಂದೇ ಪಟ್ಟಿಯನ್ನು ಮೂವರ ಮುಂದಿಟ್ಟು ದರ ಕೇಳಿದರೆ ಮಾತ್ರ ಹೋಲಿಕೆ ಸಾಧ್ಯ. ಮೂವರಲ್ಲಿ ಒಬ್ಬರಾದರೂ ಊರಿನ ಅಥವಾ ಪಕ್ಕದ ಊರಿನ ಮೇಸ್ತ್ರಿ, ಬಡಗಿಯಾಗಿರಲಿ. ಅವರು ಹಿಂದೆ ಮಾಡಿದ ಕೆಲಸವನ್ನು ಹೋಗಿ ನೋಡಬೇಕು. ಕನಿಷ್ಠ ಒಂದು ಮಳೆಗಾಲ ಕಳೆದ ಕೆಲಸವನ್ನೇ ನೋಡಬೇಕು. ಆ ಮನೆಯ ಹೆಂಗಸರನ್ನು ಕೇಳಿದರೆ ಎಲ್ಲಿ ಸೋರುತ್ತದೆಂಬುದು ನಿಜವಾಗಿ ತಿಳಿಯುತ್ತದೆ.

ಕರಾರು ಬಾಯಿಮಾತಿನದಾಗಬಾರದು. ಅಪನಂಬಿಕೆಯಿಂದ ಕಾಗದ ಮಾಡುತ್ತಾರೆಂಬ ಸಂಕೋಚ ಹಳ್ಳಿಗಳಲ್ಲಿ ಇದೆ. ಕಾಗದವಿದ್ದರೆ ನಂಟು ಉಳಿಯುತ್ತದೆಂಬುದು ಅನುಭವದ ಮಾತು. ಒಂದೇ ಹಾಳೆ ಸಾಕು. ಕೆಲಸದ ಪಟ್ಟಿ, ಸಾಮಗ್ರಿಯ ಗುಣಮಟ್ಟ, ಸಾಮಗ್ರಿ ತರುವವರು ಯಾರು, ಒಟ್ಟು ಮೊತ್ತ, ಆರಂಭ ಮತ್ತು ಮುಕ್ತಾಯದ ದಿನ, ಹೆಚ್ಚುವರಿ ಕೆಲಸಕ್ಕೆ ಬರಹದ ಒಪ್ಪಿಗೆ ಬೇಕೆಂಬ ಮಾತು, ಮುಂದಿನ ಮಳೆಗಾಲದಲ್ಲಿ ಸೋರಿದರೆ ಸರಿಪಡಿಸುವ ಹೊಣೆ ಇವಿಷ್ಟು ಅದರಲ್ಲಿರಬೇಕು. ಇಬ್ಬರು ಸಾಕ್ಷಿಗಳ ಸಹಿಯೂ ಬೇಕು. ಧರೆಯನ್ನು ಮುಟ್ಟಬಾರದು, ಒಡೆದ ಕಸವನ್ನು ಹಳ್ಳಕ್ಕೆ ಸುರಿಯಬಾರದು ಎಂಬ ಎರಡು ಸಾಲನ್ನು ಮಲೆನಾಡಿನ ಕರಾರಿನಲ್ಲಿ ಮರೆಯದೆ ಬರೆಯಬೇಕು. ಬಿದ್ದ ಮರವನ್ನು ಬಳಸುವುದಾದರೆ ಅರಣ್ಯ ಇಲಾಖೆಯನ್ನು ವಿಚಾರಿಸಬೇಕು. ಪರವಾನಗಿಯಿಲ್ಲದೆ ಮರ ಸಾಗಿಸಿ ಸಿಕ್ಕಿಬಿದ್ದಾಗ ಗುತ್ತಿಗೆದಾರ ಮನೆಯವರ ಕಡೆಗೆ ಕೈ ತೋರಿಸುತ್ತಾನೆ.

ಹಣವನ್ನು ಹಂತಹಂತವಾಗಿ ಕೊಡಬೇಕು. 2019ರ ಪ್ರವಾಹದ ನಂತರ ರಾಜ್ಯ ಸರ್ಕಾರವು ಪೂರ್ಣ ಕುಸಿದ ಮನೆಗಳಿಗೆ ಘೋಷಿಸಿದ 5 ಲಕ್ಷ ರೂಪಾಯಿಯನ್ನು ಕಟ್ಟಡದ ಹಂತ ನೋಡಿ ಕಂತುಗಳಲ್ಲಿ ಬಿಡುಗಡೆ ಮಾಡಿತು. ಸರ್ಕಾರವೇ ಹಂತ ನೋಡಿ ಹಣ ಕೊಡುವಾಗ ಬಡ ಕುಟುಂಬವೇಕೆ ಮೊದಲೇ ಎಲ್ಲವನ್ನೂ ಕೊಡಬೇಕು? ಉದಾಹರಣೆಗೆ 1,00,000 ರೂಪಾಯಿಯ ಕೆಲಸದಲ್ಲಿ ಸಾಮಗ್ರಿ ಅಂಗಳಕ್ಕೆ ಬಂದಾಗ 20,000, ಗೋಡೆ ಮುಗಿದಾಗ 30,000, ಮಾಡು ಮುಗಿದಾಗ 40,000 ಕೊಟ್ಟು, ಉಳಿದ 10,000ವನ್ನು ಒಂದು ದೊಡ್ಡ ಮಳೆ ಬಿದ್ದು ಹೋದ ಮೇಲೆ ಕೊಡುವಂತೆ ಬರೆಯಬಹುದು. ಪ್ರತಿ ಕಂತಿಗೂ ರಸೀದಿ ಬೇಕು.

ಕೆಲಸಗಾರರ ಕ್ಷೇಮವೂ ಮನೆಯವರ ಧರ್ಮ. ಒದ್ದೆ ಮಾಡಿನಿಂದ ಜಾರಿ ಬೀಳುವವನು ದಿನಗೂಲಿಯವನು. ಸೊಂಟಕ್ಕೆ ಹಗ್ಗ, ಗಟ್ಟಿಯಾದ ಅಟ್ಟಣಿಗೆ ಇಲ್ಲದೆ ಯಾರನ್ನೂ ಹತ್ತಿಸಬಾರದು. ಒಡೆದ ಕಲ್ನಾರಿನ ಶೀಟುಗಳಿದ್ದರೆ ಅವನ್ನು ಬಡಿದು ಪುಡಿ ಮಾಡದೆ, ನೀರು ಚಿಮುಕಿಸಿ, ಮೂಗುಬಾಯಿ ಮುಚ್ಚಿಕೊಂಡು, ಇಡಿಯಾಗಿ ಇಳಿಸಬೇಕು. ಆ ಧೂಳು ಶ್ವಾಸಕೋಶದಲ್ಲಿ ಸೇರಿ ದಶಕಗಳ ನಂತರ ಮಾರಕ ರೋಗ ತರಬಲ್ಲದು.

ಕೆಲಸ ಕೆಟ್ಟರೆ ದಾರಿಯಿದೆ. ಮನೆ ಕಟ್ಟುವುದೂ ಸೇವೆಯೆಂದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಹೇಳುತ್ತದೆ. ಮೊದಲು ಬರಹದಲ್ಲಿ ನೋಟಿಸು ಕೊಟ್ಟು, ಸರಿಪಡಿಸದಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ. ಆದರೆ ಅಲ್ಲಿ ಕೇಳುವುದು ಆ ಒಂದು ಹಾಳೆ ಕರಾರನ್ನೇ, ಆ ರಸೀದಿಗಳನ್ನೇ.

ಊರು ಮಾಡಬಹುದಾದುದು

ಒಂದೊಂದು ಮನೆ ಒಂಟಿಯಾಗಿ ಚೌಕಾಶಿ ಮಾಡುವ ಬದಲು ಒಂದು ಕೇರಿಯ ಹತ್ತು ಮನೆಗಳು ಒಟ್ಟಾಗಿ ಹೆಂಚು ತರಿಸಿದರೆ, ಒಬ್ಬನೇ ಬಡಗಿಯನ್ನು ಸರದಿಯಂತೆ ಕರೆಸಿದರೆ, ಖರ್ಚೂ ಇಳಿಯುತ್ತದೆ, ಮೋಸಕ್ಕೂ ಎಡೆಯಿರುವುದಿಲ್ಲ. ಮುಯ್ಯಾಳಿನ ಪದ್ಧತಿ ಗದ್ದೆಗೆ ಮಾತ್ರ ಮೀಸಲಾಗಬೇಕಾಗಿಲ್ಲ.

ವಿದ್ಯಾರ್ಥಿಗಳ ಪಾಲಿಗೆ ಒಂದು ಕೆಲಸ ಕಾದಿದೆ. ಮೃಗಶಿರಾ ಮಳೆ ಹಿಡಿಯುವ ಮೊದಲು ಊರಿನ ಪ್ರತಿ ಮನೆಯ ಮಾಡು, ಗೋಡೆ, ಹಿತ್ತಿಲ ಧರೆಗಳ ಸ್ಥಿತಿಯನ್ನು ಅಳೆದು ಚಿತ್ರ ಸಹಿತ ಬರೆದಿಡುವುದು, ಮಾಡಿನ ಕೆಲಸ ಬಲ್ಲ ಬಡಗಿ, ಮೇಸ್ತ್ರಿ, ಸೋಗೆ ಹೊದೆಯುವವರ ಪಟ್ಟಿ ಮಾಡುವುದು, ಅದನ್ನು ಗ್ರಾಮಸಭೆಯಲ್ಲಿ ಓದುವುದು. ಗಾಳಿ ಬಂದು ಹೋದ ಮೇಲೆ ಹಾನಿಗೆ ಮುಂಚಿನ ಚಿತ್ರವೇ ಬಡವನ ಪರವಾಗಿ ಮಾತನಾಡುತ್ತದೆ. ಆ ಪಟ್ಟಿಯಲ್ಲಿರುವ ಹಿರಿಯ ಬಡಗಿಗಳ ಕೈಕೆಳಗೆ ಇಬ್ಬರು ಹುಡುಗರಾದರೂ ಕೆಲಸ ಕಲಿಯದಿದ್ದರೆ, ಇನ್ನೊಂದು ತಲೆಮಾರಿನ ಹೊತ್ತಿಗೆ ಮಲೆನಾಡಿನ ಮಾಡನ್ನು ಸರಿಪಡಿಸಬಲ್ಲವರು ಮಲೆನಾಡಿನಲ್ಲಿಯೇ ಇರಲಾರರು.

ಮುಂದಿನ ಮಳೆಗಾಲಕ್ಕೆ ಮುನ್ನ ಪ್ರತಿ ಮನೆಯವರೂ ಒಮ್ಮೆ ಏಣಿ ಇಟ್ಟು ಅಂಚಿನ ಹೆಂಚನ್ನು ಅಲುಗಿಸಿ ನೋಡಲಿ, ಹಿತ್ತಿಲಿಗೆ ಹೋಗಿ ಧರೆಯ ನೆತ್ತಿಯನ್ನು ನೋಡಲಿ. ಮಾಡಬೇಕಾದ ಕೆಲಸದ ಪಟ್ಟಿ ಅಲ್ಲಿಂದಲೇ ಆರಂಭವಾಗುತ್ತದೆ.