ಪಾಲಿಸಿ ಹಾಳೆಯಲ್ಲಿ ಏನಿದೆ?

‘ಇನ್ಶೂರೆನ್ಸ್ ಕಟ್ಟಿದ್ದೀನಲ್ಲ, ಗಾಡಿಗೆ ಏನಾದರೂ ಆದರೆ ದುಡ್ಡು ಬರುತ್ತದಲ್ಲವೇ?’ ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ಬೈಕು, ಕಾರು, ಟ್ರಾಕ್ಟರ್ ಇಟ್ಟುಕೊಂಡವರೆಲ್ಲರ ಮೊದಲ ಪ್ರಶ್ನೆ ಇದು.

ಉತ್ತರ ಪಾಲಿಸಿ ಹಾಳೆಯಲ್ಲೇ ಇರುತ್ತದೆ. 1988ರ ಮೋಟಾರು ವಾಹನ ಕಾಯ್ದೆ ಕಡ್ಡಾಯ ಮಾಡಿರುವುದು ಥರ್ಡ್ ಪಾರ್ಟಿ ವಿಮೆಯನ್ನು ಮಾತ್ರ. ಗಾಡಿಯಿಂದ ಬೇರೆಯವರಿಗಾದ ಸಾವು-ನೋವು, ನಷ್ಟಕ್ಕೆ ಅದು. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ವಿ.ಸಿ. ನಾಲೆಗೆ ಉರುಳಿ 30 ಮಂದಿ ಪ್ರಾಣ ಕಳೆದುಕೊಂಡರು. ಇಂಥ ದುರಂತದಲ್ಲಿ ದುಡಿಯುವವರನ್ನೇ ಕಳೆದುಕೊಂಡ ಮನೆಗಳಿಗೆ ಪರಿಹಾರ ಸಿಗಲೆಂದೇ ಕಾನೂನು ಇಷ್ಟು ಬಿಗಿಯಾಗಿದೆ.

ಆದರೆ ಸ್ವಂತ ಗಾಡಿ ಕಳುವಾದರೆ, ಜಖಂ ಆದರೆ ಥರ್ಡ್ ಪಾರ್ಟಿಯಿಂದ ಬಿಡಿಗಾಸೂ ಬಾರದು. ಅದಕ್ಕೆ ‘ಓನ್ ಡ್ಯಾಮೇಜ್’ ಎಂಬ ಕಲಂ ಇರಬೇಕು. 2018ರ ಸೆಪ್ಟೆಂಬರ್‌ನಿಂದ ಹೊಸ ಬೈಕಿಗೆ ಐದು ವರ್ಷ, ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಒಟ್ಟಿಗೇ ಬರುತ್ತದೆ. ಓನ್ ಡ್ಯಾಮೇಜ್ ಮಾತ್ರ ಸಾಮಾನ್ಯವಾಗಿ ಒಂದೇ ವರ್ಷ. ಶೋರೂಮಿನಲ್ಲಿ ಕೊಟ್ಟ ಹಾಳೆಯಲ್ಲಿ ಎರಡಕ್ಕೂ ಬೇರೆ ಬೇರೆ ಕೊನೆಯ ದಿನಾಂಕ ಅಚ್ಚಾಗಿರುತ್ತದೆ. ದೂರದ ದಿನಾಂಕವನ್ನಷ್ಟೇ ನೋಡಿ ಸುಮ್ಮನಾದವರ ಬೈಕು ಎರಡನೇ ವರ್ಷ ಕಳುವಾದರೆ ಏನೂ ಸಿಗುವುದಿಲ್ಲ.

ಕಬ್ಬು ಹೊಡೆಯುವ ಟ್ರಾಕ್ಟರಿನವರು ಇನ್ನೊಂದನ್ನು ಗಮನಿಸಬೇಕು. ಟ್ರಾಕ್ಟರಿಗೆ ಇರುವುದು ಚಾಲಕರ ಸೀಟೊಂದೇ. ಮಡ್‌ಗಾರ್ಡ್ ಮೇಲೆ ಕೂತವರು ಬಿದ್ದರೆ ಪರಿಹಾರದ ಹೊರೆ ಸಾಮಾನ್ಯವಾಗಿ ಮಾಲೀಕರ ತಲೆಗೇ ಬರುತ್ತದೆ.

ಮನೆಯ ವಿಷಯಕ್ಕೆ ಬಂದರೆ, 2024ರ ಜುಲೈ ಕೊನೆಗೆ ಕೆ.ಆರ್.ಎಸ್.ನಿಂದ ಲಕ್ಷ ಕ್ಯುಸೆಕ್‌ಗೂ ಹೆಚ್ಚು ನೀರು ಬಿಟ್ಟಾಗ ಶ್ರೀರಂಗಪಟ್ಟಣದ ನದಿ ದಂಡೆಯವರಿಗೆ ಆತಂಕ ತಪ್ಪಲಿಲ್ಲ. 2021ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ‘ಭಾರತ್ ಗೃಹ ರಕ್ಷಾ’ ಪಾಲಿಸಿಯಲ್ಲಿ ಬೆಂಕಿ, ಭೂಕಂಪದ ಜೊತೆಗೆ ಪ್ರವಾಹವೂ ಸೇರಿದೆ. ಲೆಕ್ಕ ಹಾಕುವುದು ಮನೆಯನ್ನು ಮತ್ತೆ ಕಟ್ಟುವ ಖರ್ಚಿನ ಮೇಲೆ. ಸೈಟಿನ ಬೆಲೆ ಅದರಲ್ಲಿ ಬರುವುದಿಲ್ಲ. ಕಟ್ಟಡದ ಮೊತ್ತದ ಶೇ. 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ, ಮನೆಯ ಸಾಮಾನಿಗೂ ರಕ್ಷಣೆ ತಾನಾಗಿಯೇ ಸಿಗುತ್ತದೆ. ಒಡವೆಗೆ ಬೇರೆಯೇ ಮಾಡಿಸಬೇಕು.

2024ರ ಸೆಪ್ಟೆಂಬರ್ 11ರ ರಾತ್ರಿ ನಾಗಮಂಗಲದ ಗಲಭೆಯಲ್ಲಿ ಅಂಗಡಿಗಳು ಸುಟ್ಟುಹೋದವು. ಗಲಭೆಗೂ ವಿಮೆ ಉಂಟೇ? ಉಂಟು. ಸಣ್ಣ ವ್ಯಾಪಾರಿಗಳಿಗಾಗಿ ಇರುವ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ದಲ್ಲಿ ಗಲಭೆಯ ನಷ್ಟವೂ ಸೇರಿದೆ. ಆದರೆ ಪ್ರೀಮಿಯಂ ಉಳಿಸಲು ಸರಕಿನ ಬೆಲೆ ಕಡಿಮೆ ತೋರಿಸಬಾರದು. 20 ಲಕ್ಷದ ಸರಕಿಗೆ 10 ಲಕ್ಷಕ್ಕೆ ವಿಮೆ ಮಾಡಿಸಿ, 4 ಲಕ್ಷದ ಮಾಲು ಸುಟ್ಟರೆ ಕೈಗೆ ಬರುವುದು ಸುಮಾರು ಅರ್ಧ. ಬ್ಯಾಂಕ್ ಸಾಲವಿದ್ದರೆ ಬ್ಯಾಂಕು ಮಾಡಿಸಿದ ಪಾಲಿಸಿಯ ಪ್ರತಿ ಕೇಳಿ ಪಡೆದು, ಅಂಗಡಿಯ ವಿಳಾಸ, ಮೊತ್ತ ಸರಿಯಿದೆಯೇ ನೋಡಿಕೊಳ್ಳಬೇಕು.

ಕ್ಲೇಮು ತಿರಸ್ಕಾರವಾದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಡಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ಅರ್ಜಿ ಹಾಕಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.